ಹಾಸಿಗೆ ಹನ್ನೆರಡು, ಮಕ್ಕಳು ಹದಿನೇಳು, ಸಿಸ್ಟರ್ ಎಷ್ಟು ಜನ?

ಪ್ರಶ್ನೆ: ಸಿಸ್ಟರ್, ನನ್ನ ಹೆಂಡತಿಗೆ ಮೂವತ್ತನೇ ವಾರಕ್ಕೇ ಹೆರಿಗೆ ಆಯಿತು. ಮಗಳ ತೂಕ 1 ಕೆಜಿ 250 ಗ್ರಾಂ. ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, 36 ದಿನ ಇದ್ದಳು. ಮೊದಲ ವಾರ ಅಲ್ಲಿ ಎಂಟು ಮಕ್ಕಳು, ಮೂವರು ಸಿಸ್ಟರ್. ಚೆನ್ನಾಗಿ ನೋಡಿಕೊಂಡರು. ಮೂರನೇ ವಾರಕ್ಕೆ ಮಕ್ಕಳು ಹದಿನೇಳಾದರು. ಮಕ್ಕಳನ್ನು ಬೆಚ್ಚಗಿಡುವ ಕೆಲವು ವಾರ್ಮರ್‌ಗಳಲ್ಲಿ ಇಬ್ಬಿಬ್ಬರು. ರಾತ್ರಿ ಇಬ್ಬರೇ ಸಿಸ್ಟರ್. ಅದೇ ವಾರ ನಮ್ಮ ಮಗುವಿಗೆ ರಕ್ತದಲ್ಲಿ ಸೋಂಕು ಬಂತು. ಈಗ ಮನೆಗೆ ಬಂದು ಹತ್ತು ದಿನ ಆಯಿತು, ಚೆನ್ನಾಗಿದ್ದಾಳೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ಎಷ್ಟು ಮಕ್ಕಳು ಬರುತ್ತಾರೆ ಅಂತ ಆಸ್ಪತ್ರೆಯವರಿಗೆ ಮೊದಲೇ ಗೊತ್ತಾಗುವುದಿಲ್ಲವೇ? ನಾಲ್ಕು ಜನ ಜಾಸ್ತಿ ಸಿಸ್ಟರ್ ಹಾಕಿದರೆ ಮುಗಿಯಿತಲ್ವಾ? ನನ್ನ ಮಗುವಿನ ಸೋಂಕಿಗೆ ಇದೇ ಕಾರಣವೇ?

ಉತ್ತರ: ಮಗಳು ಮನೆಗೆ ಬಂದಿದ್ದಾಳೆ ಎಂದು ಓದಿ ಸಂತೋಷವಾಯಿತು. ಮೂರು ಪ್ರಶ್ನೆ ಕೇಳಿದ್ದೀರಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಕೊನೆಯದು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ಒಂದು ಮಗುವಿನ ವಿಷಯದಲ್ಲಿ 'ಇದರಿಂದಲೇ ಸೋಂಕು ಬಂತು' ಎಂದು ಯಾರೂ ಹೇಳಲಾರರು. ಮೂವತ್ತು ವಾರಕ್ಕೆ ಹುಟ್ಟಿದ ಮಗುವಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ರೋಗ ತಡೆಯುವ ಶಕ್ತಿ ತಾಯಿಯಿಂದ ಮಗುವಿಗೆ ಹರಿಯುವುದು ಹೆಚ್ಚಾಗಿ ಬಸಿರಿನ ಕೊನೆಯ ತಿಂಗಳುಗಳಲ್ಲಿ. ಆ ತಿಂಗಳುಗಳೇ ನಿಮ್ಮ ಮಗಳಿಗೆ ಸಿಗಲಿಲ್ಲ. ಮೇಲೆ ಕೈಗೆ ಡ್ರಿಪ್, ಹೊಟ್ಟೆಗೆ ಟ್ಯೂಬ್. ಇಂಥ ಮಗುವಿಗೆ ಎಲ್ಲ ಸರಿಯಿರುವ ಘಟಕದಲ್ಲೂ ಸೋಂಕು ಬರುತ್ತದೆ. ಆದರೆ ಮಕ್ಕಳು ತುಂಬಿ ತುಳುಕುವ ವಾರಗಳಲ್ಲಿ ಸೋಂಕು ಜಾಸ್ತಿಯಾಗುತ್ತದೆ ಎನ್ನುವುದು ಮಾತ್ರ ಗುಟ್ಟೇನಲ್ಲ, ನಲವತ್ತು ವರ್ಷದಿಂದ ಗೊತ್ತಿದೆ. 1982ರಲ್ಲಿ ಹೇಲಿ ಮತ್ತು ಬ್ರೆಗ್ಮನ್ ಎಂಬ ಇಬ್ಬರು ಅಮೆರಿಕದ ಒಂದು ನವಜಾತ ಘಟಕದ ಲೆಕ್ಕ ತೆಗೆದರು. ಅಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮತ್ತೆ ಮತ್ತೆ ಗುಂಪಾಗಿ ಕಾಣಿಸಿಕೊಳ್ಳುತ್ತಿತ್ತು. ಒಬ್ಬ ನರ್ಸ್‌ಗೆ ಏಳಕ್ಕಿಂತ ಜಾಸ್ತಿ ಮಕ್ಕಳಿದ್ದ ದಿನಗಳ ನಂತರ ಆ ಸೋಂಕು 16 ಪಟ್ಟು ಏರುತ್ತಿತ್ತು. ನಿಮ್ಮ ಲೆಕ್ಕದಲ್ಲಿ ಆ ರಾತ್ರಿ ಒಬ್ಬ ಸಿಸ್ಟರ್‌ಗೆ ಎಂಟೂವರೆ ಮಕ್ಕಳು.

ಬ್ರಿಟನ್ನಿನಲ್ಲಿ 54 ಘಟಕಗಳ 13 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಇನ್ನೊಂದು ಅಧ್ಯಯನ 2002ರಲ್ಲಿ ಬಂತು. ಘಟಕ ದೊಡ್ಡದೋ ಸಣ್ಣದೋ ಎನ್ನುವುದರಿಂದ ಮಕ್ಕಳ ಸಾವು ಉಳಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಮಗು ಒಳಗೆ ಬಂದ ಹೊತ್ತಿನಲ್ಲಿ ಘಟಕ ಎಷ್ಟು ತುಂಬಿತ್ತು ಎನ್ನುವುದರಲ್ಲಿ. ಅರ್ಧ ಖಾಲಿಯಿದ್ದಾಗ ಬಂದ ಮಗುವಿಗೂ ಪೂರ್ತಿ ತುಂಬಿದ್ದಾಗ ಬಂದ ಮಗುವಿಗೂ ಸಾವಿನ ಸಂಭವದಲ್ಲಿ ಸುಮಾರು ಒಂದೂವರೆ ಪಟ್ಟು ಅಂತರ. ಅದೇ ಕಟ್ಟಡ, ಅವೇ ಮಷೀನು, ಅವೇ ಡಾಕ್ಟರು!

ಇದು ಸಿಸ್ಟರ್‌ಗಳ ಉದಾಸೀನದಿಂದ ಆಗುವುದಲ್ಲ. ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಮಗುವನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಕೈಗೆ ಸ್ಯಾನಿಟೈಸರ್ ಉಜ್ಜಬೇಕು. ಸರಿಯಾಗಿ ಉಜ್ಜಿದರೆ ಅರ್ಧ ನಿಮಿಷ ಬೇಕು. ಒಂದು ಗಂಟೆಯಲ್ಲಿ ಒಂದು ಮಗುವನ್ನು ಮೂರು ಸಲ ಮುಟ್ಟುತ್ತಾರೆ ಅಂದುಕೊಳ್ಳಿ. ಕೈ ಉಜ್ಜುವುದಕ್ಕೇ ಮೂರು ನಿಮಿಷ. ಮೂರು ಮಕ್ಕಳಿದ್ದರೆ ಗಂಟೆಗೆ ಒಂಬತ್ತು ನಿಮಿಷ. ಎಂಟು ಮಕ್ಕಳಿದ್ದರೆ ಇಪ್ಪತ್ತನಾಲ್ಕು. ಇನ್ನು ಹಾಲು. ನಿಮ್ಮ ಮಗಳಂಥವರಿಗೆ ಎರಡು ಗಂಟೆಗೊಮ್ಮೆ ಕುಡಿಸಬೇಕು. ಟ್ಯೂಬಿನಲ್ಲಿ ನಿಧಾನಕ್ಕೆ ಇಳಿಸಲು ಹತ್ತು ನಿಮಿಷ, ಒಳಲೆಯಲ್ಲಿ ಕುಡಿಸಿದರೆ ಹದಿನೈದು. ಎಂಟು ಮಕ್ಕಳಿಗೂ ಒಳಲೆ ಎಂದಾದರೆ 120 ನಿಮಿಷ. ಅಂದರೆ ಕೊನೆಯ ಮಗುವಿಗೆ ಕುಡಿಸಿ ಮುಗಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಹಸಿವು. ಡ್ರಿಪ್ ನೋಡುವುದು, ಔಷಧಿ ಕೊಡುವುದು, ಬಟ್ಟೆ ಬದಲಿಸುವುದು, ಚಾರ್ಟ್ ಬರೆಯುವುದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೊಸ ಮಗು ಬಂದರೆ ಅದರ ಹತ್ತಿರವೇ ಒಂದು ಗಂಟೆ ನಿಲ್ಲಬೇಕು.

ಆಗ ಏನಾಗುತ್ತದೆ? ಮೊದಲು ಉಳಿತಾಯವಾಗುವುದು ಆ ಅರ್ಧ ನಿಮಿಷವೇ. ಯಾರೂ ಬೇಕಂತ ಬಿಡುವುದಿಲ್ಲ. ಒಂದು ಮಗುವಿಗೆ ಹಾಲು ಕೊಡುವಾಗ ಪಕ್ಕದ ಮಗುವಿನ ಮಾನಿಟರ್ ಕೂಗುತ್ತದೆ. ಉಸಿರು ನಿಲ್ಲಿಸಿದ ಮಗುವಿನ ಅಂಗಾಲು ತಟ್ಟಲು ಓಡುತ್ತೀರಿ. ಆ ಕ್ಷಣದಲ್ಲಿ ಸ್ಯಾನಿಟೈಸರ್ ಬಾಟಲಿ ನೆನಪಾಗುವುದಿಲ್ಲ. ನಾನೂ ಹಾಗೆ ಓಡಿದ್ದೇನೆ. ಸುಳ್ಳು ಹೇಳುವುದಿಲ್ಲ.

ಒಂದು ವಾರ್ಮರ್‌ನಲ್ಲಿ ಇಬ್ಬರನ್ನು ಮಲಗಿಸುವುದರಲ್ಲಿ ಇನ್ನೊಂದು ತೊಡಕಿದೆ. ವಾರ್ಮರ್‌ನ ತಂತಿ, ಅಂದರೆ ಮೈ ಬಿಸಿ ಅಳೆಯುವ ಪ್ರೋಬ್, ಅಂಟಿಸುವುದು ಒಂದೇ ಮಗುವಿಗೆ. ಆ ಮಗು ತಣ್ಣಗಾದರೆ ಮಷೀನು ಬಿಸಿ ಏರಿಸುತ್ತದೆ. ಪಕ್ಕದಲ್ಲಿರುವ ಮಗು ಬೆವರುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಮೊದಲೇ ಗೊತ್ತಾಗುವುದಿಲ್ಲವೇ?

ಸ್ವಲ್ಪ ಗೊತ್ತಾಗುತ್ತದೆ. ನಾನು ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗ ಸಂಜೆ ಲೇಬರ್ ವಾರ್ಡಿಗೆ ಒಂದು ಫೋನ್ ಮಾಡದೆ ಮನೆಗೆ ಹೋಗುತ್ತಿರಲಿಲ್ಲ. 'ಅವಳಿ ಯಾರಿಗಾದರೂ ಇದೆಯೇನಮ್ಮಾ? ದಿನ ತುಂಬದೆ ನೋವು ಬಂದವರು ಎಷ್ಟು ಜನ? ಸ್ಟೀರಾಯ್ಡ್ ಇಂಜೆಕ್ಷನ್ ಯಾರಿಗೆ ಶುರು ಮಾಡಿದ್ದೀರಿ?' ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಇಂಜೆಕ್ಷನ್ ಅದು. ಅದನ್ನು ಶುರು ಮಾಡಿದರು ಅಂದರೆ ನಮಗೆ ಒಂದೆರಡು ದಿನದ ಮುನ್ಸೂಚನೆ ಸಿಕ್ಕಿತು ಎಂದು ಅರ್ಥ. ಆದರೆ 108ರಲ್ಲಿ ಹೊರಗಿನಿಂದ ಬರುವ ಮಕ್ಕಳ ಬಗ್ಗೆ ಇದೂ ಇಲ್ಲ. ತಾಲ್ಲೂಕು ಆಸ್ಪತ್ರೆಯವರು ಹೊರಡುವ ಮೊದಲು ಫೋನ್ ಮಾಡಿದರೆ ಪುಣ್ಯ. ಎಷ್ಟೋ ಸಲ ಆಂಬುಲೆನ್ಸ್ ಸದ್ದು ಕೇಳಿದ ಮೇಲೆಯೇ ಗೊತ್ತಾಗುತ್ತಿತ್ತು.

ಅದಕ್ಕಿಂತ ಆಳದ ಕಾರಣ ಒಂದಿದೆ. ನಾನು ಅದನ್ನು ಕಲಿತದ್ದು ನರ್ಸಿಂಗ್ ಪುಸ್ತಕದಿಂದಲ್ಲ. 1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಎರ್ಲಾಂಗ್ ಎಂಬ ಗಣಿತದವರೊಬ್ಬರು, ಕರೆಗಳು ಮನಬಂದಂತೆ ಬರುವಾಗ ಎಷ್ಟು ಲೈನ್ ಇಡಬೇಕು ಎಂದು ತಲೆ ಕೆಡಿಸಿಕೊಂಡಿದ್ದರು. ಮಕ್ಕಳು ಬರುವ ರೀತಿಯೂ ಬಹುಪಾಲು ಹಾಗೆಯೇ. ಒಬ್ಬ ತಾಯಿಯ ಹೆರಿಗೆಗೂ ಇನ್ನೊಬ್ಬಳ ಹೆರಿಗೆಗೂ ಸಂಬಂಧವಿಲ್ಲ.

ಒಂದು ಘಟಕದಲ್ಲಿ ದಿನದ ಸರಾಸರಿ ಹತ್ತು ಮಕ್ಕಳು ಅಂದುಕೊಳ್ಳಿ. ಹಾಸಿಗೆ ಹನ್ನೆರಡು. ಕಾಗದದ ಮೇಲೆ ಸಾಕಷ್ಟಾಯಿತು. ಆದರೆ ಎರ್ಲಾಂಗ್ ರೀತಿಯಲ್ಲಿ ಲೆಕ್ಕ ಹಾಕಿದರೆ ವರ್ಷದಲ್ಲಿ ಸುಮಾರು 76 ದಿನ ಹನ್ನೆರಡಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ. ಸುಮಾರು 18 ದಿನ ಹದಿನಾರು ಅಥವಾ ಅದಕ್ಕಿಂತ ಮೇಲೆ. ಹಾಗೆಯೇ 24 ದಿನ ಐದೋ ಅದಕ್ಕಿಂತ ಕಡಿಮೆಯೋ. ಯಾರ ತಪ್ಪೂ ಇಲ್ಲದೆ, ಯಾವ ಕಾಯಿಲೆಯೂ ಹಬ್ಬದೆ, ಸುಮ್ನೆ ಆಗುವ ಏರಿಳಿತ ಇದು. ಅವಳಿ ತ್ರಿವಳಿ ಒಟ್ಟಿಗೆ ಬರುವುದರಿಂದ ನಿಜವಾದ ಏರಿಳಿತ ಇನ್ನೂ ಒರಟು.

ಆ 76 ದಿನ ಬಿಡಿ ಬಿಡಿಯಾಗಿಯೂ ಬರುವುದಿಲ್ಲ. ನಿಮ್ಮ ಮಗಳು 36 ದಿನ ಇದ್ದಳಲ್ಲ? ಒಮ್ಮೆ ಬಂದ ಸಣ್ಣ ಮಗು ವಾರಗಟ್ಟಲೆ ಇರುತ್ತದೆ. ಒಂದೇ ವಾರದಲ್ಲಿ ಅಂಥ ಐದು ಮಕ್ಕಳು ಬಂದರೆ ಮುಂದಿನ ಒಂದು ತಿಂಗಳು ಘಟಕ ಇಳಿಯುವುದೇ ಇಲ್ಲ. ಒಂದು ರಾತ್ರಿ ಹೇಗೋ ಸುಧಾರಿಸಬಹುದು. ಮೂರು ವಾರ ಹಾಗೇ ನಡೆದರೆ ಸಿಸ್ಟರ್‌ಗಳಿಗೆ ಜ್ವರ ಬರುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ, ರಜೆ ಚೀಟಿಗಳು ಬರುತ್ತವೆ. ಮಕ್ಕಳು ಜಾಸ್ತಿಯಾದಾಗಲೇ ಸಿಸ್ಟರ್‌ಗಳು ಕಡಿಮೆಯಾಗುವುದು ಹೀಗೆ. ನೀವು ನೋಡಿದ 'ರಾತ್ರಿ ಇಬ್ಬರೇ' ಎನ್ನುವುದರ ಹಿಂದೆ ಇದೂ ಇದ್ದೀತು.

ತಲೆ ಎಣಿಸಿದರೂ ಪೂರ್ತಿ ವಿಷಯ ಗೊತ್ತಾಗುವುದಿಲ್ಲ. ಬ್ರಿಟನ್ನಿನ ನವಜಾತ ಶಿಶು ವೈದ್ಯರ ಸಂಘ ಗೊತ್ತುಮಾಡಿದ ಮಟ್ಟ ಹೀಗಿದೆ: ತೀವ್ರ ನಿಗಾದ ಮಗುವಿಗೆ ಒಬ್ಬ ನರ್ಸ್, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಬ್ಬರು ಮಕ್ಕಳಿಗೆ ಒಬ್ಬರು, ತೂಕ ಹೆಚ್ಚಿಸಿಕೊಳ್ಳುತ್ತಿರುವ ನಾಲ್ವರಿಗೆ ಒಬ್ಬರು. ಹನ್ನೆರಡು ಮಕ್ಕಳಲ್ಲಿ ಇಬ್ಬರು ತೀವ್ರ, ನಾಲ್ವರು ಮಧ್ಯಮ, ಆರು ಜನ ಹಗುರ ಎಂದಾದರೆ ಐದೂವರೆ ನರ್ಸ್ ಬೇಕು. ಮುಂದಿನ ವಾರವೂ ಹನ್ನೆರಡೇ ಮಕ್ಕಳು, ಆದರೆ ಐದು ತೀವ್ರ, ನಾಲ್ಕು ಮಧ್ಯಮ, ಮೂರು ಹಗುರ. ಈಗ ಎಂಟಕ್ಕೆ ಹತ್ತಿರ. ಮೇಲಿನವರಿಗೆ ಹೋಗುವ ರಿಪೋರ್ಟಿನಲ್ಲಿ ಎರಡೂ ವಾರ '12' ಎಂದೇ ಇರುತ್ತದೆ. ನನಗೆ ಆ ರಿಪೋರ್ಟ್ ಕಂಡರೆ ಈಗಲೂ ಸಿಟ್ಟು.

ನಮ್ಮ ದೇಶದ ಮಟ್ಟ ಬೇರೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಘಟಕ ನಡೆಸಬಹುದು ಎಂದು ಪಶ್ಚಿಮ ಬಂಗಾಳದ ಪುರುಲಿಯಾ 2003ರ ಹೊತ್ತಿಗೆ ತೋರಿಸಿಕೊಟ್ಟಿತು. 2011ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಾರ್ಗಸೂಚಿ ತಂದಿತು. ವರ್ಷಕ್ಕೆ 3,000 ಹೆರಿಗೆ ಆಗುವ ಆಸ್ಪತ್ರೆಗೆ 12 ಹಾಸಿಗೆ, ಪ್ರತಿ ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಬ್ಬ ನರ್ಸ್. ತಪ್ಪು ಮಟ್ಟವೇನಲ್ಲ. ತೊಂದರೆ ಇರುವುದು ಅದನ್ನು ಓದುವ ರೀತಿಯಲ್ಲಿ. ನರ್ಸ್ ಹುದ್ದೆ ಮಂಜೂರಾಗುವುದು ಹಾಸಿಗೆಯ ಮೇಲೆ, ಬಂದ ಮಕ್ಕಳ ಮೇಲಲ್ಲ. ಹದಿಮೂರನೆಯ ಮಗುವಿಗೆ ಹಾಸಿಗೆಯೇ ಇಲ್ಲವಾದ್ದರಿಂದ ಅದರ ಪಾಲಿನ ನರ್ಸೂ ಇಲ್ಲ.

ಹಾಗಾದರೆ ನಾಲ್ಕು ಜನ ಜಾಸ್ತಿ ಹಾಕಿ ಅನ್ನುತ್ತೀರಿ. ಹಾಕಬೇಕು, ನಾನೂ ಅದನ್ನೇ ಹೇಳುವುದು. ಆದರೆ ನಾಲ್ಕು ಜನ ಅಂದರೆ ಎಷ್ಟು ಎಂದು ರೋಸ್ಟರ್ ಬರೆದವರನ್ನು ಕೇಳಿ. ಮಾರ್ನಿಂಗ್, ಈವ್ನಿಂಗ್, ನೈಟ್ ಎಂದು ದಿನಕ್ಕೆ ಮೂರು ಪಾಳಿ. ಒಂದು ಜಾಗದಲ್ಲಿ ವರ್ಷಪೂರ್ತಿ ಒಬ್ಬರು ಇರಬೇಕೆಂದರೆ 1,095 ಡ್ಯೂಟಿ. ವಾರದ ರಜೆ, ನೈಟ್ ಮಾಡಿದ ಮೇಲಿನ ಆಫ್, ಹಬ್ಬ, ಕಾಯಿಲೆ ಎಲ್ಲ ಕಳೆದರೆ ಒಬ್ಬರು ವರ್ಷಕ್ಕೆ ಮಾಡುವುದು ಸುಮಾರು 270 ಡ್ಯೂಟಿ. ಭಾಗಿಸಿದರೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ನೀವು ಕೇಳಿದ ನಾಲ್ಕು ಜನಕ್ಕೆ ಹದಿನಾರು ಹುದ್ದೆ. ಅವರಲ್ಲಿ ಹೆಚ್ಚಿನವರು ಇಪ್ಪತ್ತೈದು ಮೂವತ್ತರ ಹೆಣ್ಣುಮಕ್ಕಳು. ಒಬ್ಬರೋ ಇಬ್ಬರೋ ಯಾವಾಗಲೂ ಆರು ತಿಂಗಳ ಹೆರಿಗೆ ರಜೆಯಲ್ಲಿ. ಇರಬೇಕಾದದ್ದೇ. ಬೇರೆಯವರ ಮಕ್ಕಳನ್ನು ನೋಡುವವರಿಗೂ ಸ್ವಂತ ಮಕ್ಕಳು ಬೇಡವೇ? ಆದರೆ ಆ ಜಾಗಕ್ಕೆ ಬದಲಿ ಕೊಡುವ ಪದ್ಧತಿ ಇಲ್ಲದಿದ್ದರೆ ರೋಸ್ಟರ್‌ನಲ್ಲಿ ತೂತು ಬೀಳುತ್ತದೆ.

ಮತ್ತೆ, ಆ ನಾಲ್ಕು ಜನ ಜಾಸ್ತಿ ಇದ್ದರೆ ಐದೇ ಮಕ್ಕಳಿರುವ ದಿನ ಏನಾಗುತ್ತದೆ ಗೊತ್ತೇ? ಯಾರೋ ದೊಡ್ಡವರು ರೌಂಡ್ಸ್‌ಗೆ ಬರುತ್ತಾರೆ. ಇಬ್ಬರು ಸಿಸ್ಟರ್ ಕುರ್ಚಿಯಲ್ಲಿ ಕೂತಿರುವುದು ಕಾಣುತ್ತದೆ. 'ಇಲ್ಲಿ ಜನ ಜಾಸ್ತಿ, ಇಬ್ಬರನ್ನು ಕ್ಯಾಷುವಾಲ್ಟಿಗೆ ಕಳಿಸಿ' ಎಂಬ ಆರ್ಡರ್ ಮರುದಿನ ಬರುತ್ತದೆ. ಹೋದವರು ವಾಪಸ್ ಬರುವುದಿಲ್ಲ. ಮೂರು ವಾರದ ಮೇಲೆ ಮಕ್ಕಳು ಹದಿನೇಳು. ನನ್ನ ಸರ್ವೀಸಿನಲ್ಲಿ ಇದೇ ಆಟವನ್ನು ಎಷ್ಟು ಸಲ ನೋಡಿದೆನೋ! ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಖಾಲಿ ದಿನ ಕೂತಿರುವ ಸಿಸ್ಟರ್‌ಗೆ ಕೊಡುವ ಸಂಬಳ ದಂಡವಲ್ಲ. ತುಂಬಿದ ದಿನದ ಸಂಬಳವನ್ನೇ ಆವತ್ತು ಕೊಡುತ್ತಿದ್ದೇವೆ. ಬ್ರಿಟನ್ನಿನವರು ಸರಾಸರಿ ಶೇ 80ಕ್ಕಿಂತ ಜಾಸ್ತಿ ತುಂಬಬಾರದು ಎಂದು ಬರೆದಿಟ್ಟುಕೊಂಡದ್ದು ಈ ಏರಿಳಿತಕ್ಕೆ ಜಾಗ ಇರಲಿ ಎಂದು. ಅವರೂ ಅದನ್ನು ಎಲ್ಲ ಕಡೆ ಪಾಲಿಸಲು ಆಗದೆ ಒದ್ದಾಡುತ್ತಾರೆ, ಅದು ಬೇರೆ ಮಾತು.

ಮದುವೆ ಮನೆಯಲ್ಲಿ ಇನ್ನೂರು ಜನಕ್ಕೆ ಅಡುಗೆ ಮಾಡಿ ಇನ್ನೂರೈವತ್ತು ಜನ ಬಂದರೆ, ಎರಡನೇ ಪಂಕ್ತಿಗೆ ಕೂರಿಸಿ ಅಷ್ಟರಲ್ಲಿ ಇನ್ನೊಂದು ಹಂಡೆ ಅನ್ನ ಬೇಯಿಸಬಹುದು. ಉಸಿರಾಡದ ಮಗುವಿಗೆ ಎರಡನೇ ಪಂಕ್ತಿ ಇಲ್ಲ. ಖಾಸಗಿಯವರು 'ಬೆಡ್ ಇಲ್ಲ' ಎಂದು ಹೇಳಬಹುದು. ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಹಾಗೆ ಹೇಳುವಂತಿಲ್ಲ. ಎಲ್ಲ ಕಡೆ ತುಂಬಿದಾಗ ಉಕ್ಕಿದ್ದು ಬಂದು ಸೇರುವುದು ಅಲ್ಲಿಗೇ.

ಅದಕ್ಕೇ ಒಂದೊಂದು ಆಸ್ಪತ್ರೆ ಒಂಟಿಯಾಗಿ ಈ ಗಂಟು ಬಿಚ್ಚಲಾರದು. ನಮ್ಮ ಹಳೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಘಟಕಗಳನ್ನೂ ಹಾಗೆ ಜೋಡಿಸಿದರೆ ಏರಿಳಿತ ತಗ್ಗುತ್ತದೆ. ಸರಾಸರಿ ಹತ್ತು ಮಕ್ಕಳಿರುವ ಘಟಕದಲ್ಲಿ ಮೂರು ಮಕ್ಕಳು ಆಚೀಚೆ ಆಗುವುದು ಮಾಮೂಲು, ಅಂದರೆ ಮೂರನೇ ಒಂದು ಭಾಗ. ನಾಲ್ಕು ಅಂಥ ಘಟಕ ಸೇರಿ ನಲವತ್ತಾದರೆ ಆಚೀಚೆ ಆಗುವುದು ಆರು, ಅಂದರೆ ಆರನೇ ಒಂದು ಭಾಗ ಮಾತ್ರ. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಎಂದು ಒಬ್ಬರಿಗೊಬ್ಬರು ತಿಳಿದಿದ್ದರೆ, ಮಗುವನ್ನು ಬೆಚ್ಚಗೆ ಸಾಗಿಸುವ ಗಾಡಿ ಮತ್ತು ಕಲಿತ ಸಿಸ್ಟರ್ ಇದ್ದರೆ ಇದು ನಡೆಯುತ್ತದೆ. ತೂಕ ಏರುತ್ತಿರುವ ಮಗುವನ್ನು ಅದರ ತಾಲ್ಲೂಕಿಗೆ ವಾಪಸ್ ಕಳಿಸುವುದೂ ಇದರ ಭಾಗ. ಆದರೆ ಗಾಡಿಯಲ್ಲಿ ತಣ್ಣಗಾಗುವ ಮಗುವನ್ನು ಊರೂರು ಸುತ್ತಿಸುವುದಾದರೆ ಇದ್ದಲ್ಲೇ ಇಬ್ಬರನ್ನು ಮಲಗಿಸುವುದು ವಾಸಿ.

'ಬೇರೆ ವಾರ್ಡಿನ ಸಿಸ್ಟರ್‌ಗಳನ್ನು ಕರೆಸಬಹುದಲ್ವಾ?' ಕರೆಸುತ್ತಾರೆ. ಎಣಿಕೆ ಸರಿಹೋಗುತ್ತದೆ. ಆದರೆ ದೊಡ್ಡವರ ವಾರ್ಡಿನಲ್ಲಿ ಹತ್ತು ವರ್ಷ ಪಳಗಿದ ಕೈ ಕೂಡ ಒಂದು ಕಿಲೋ ಮಗುವಿನ ನರ ಹಿಡಿಯುವಾಗ ನಡುಗುತ್ತದೆ. ಔಷಧಿಯ ಡೋಸ್ ಅಲ್ಲಿ ಎಂಎಲ್ ಲೆಕ್ಕ, ಇಲ್ಲಿ ಎಂಎಲ್‌ನ ಹತ್ತನೇ ಒಂದು ಭಾಗದ ಲೆಕ್ಕ. ದಶಮಾಂಶದ ಚುಕ್ಕೆ ಒಂದು ಮನೆ ಆಚೆ ಹೋದರೆ ಹತ್ತು ಪಟ್ಟು. ನವಜಾತ ಶಿಶುಗಳ ಆರೈಕೆಯಲ್ಲೇ ತರಬೇತಾದ ನರ್ಸ್‌ಗಳು ಎಷ್ಟಿದ್ದಾರೆ ಎನ್ನುವುದಕ್ಕೂ ಮಕ್ಕಳ ಸಾವಿಗೂ ನೇರ ಸಂಬಂಧ ಇದೆ ಎಂದು 2007ರ ಒಂದು ಬ್ರಿಟಿಷ್ ಅಧ್ಯಯನ ತೋರಿಸಿತು. ನಮ್ಮಲ್ಲೂ ನಾಲ್ಕು ದಿನದ ಪಾಠ, ಎರಡು ವಾರ ದೊಡ್ಡ ಆಸ್ಪತ್ರೆಯಲ್ಲಿ ನೋಡಿ ಕಲಿಯುವುದು ಎಂಬ ತರಬೇತಿ ಇದೆ. ಹೀಗೆ ಕಲಿತವರನ್ನೇ ಆರು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ಹಾಕುವುದು ಮಾತ್ರ ಅರ್ಥವಾಗದ ವಿದ್ಯೆ.

ಇನ್ನೊಂದು ದಾರಿ ಬಡತನದಿಂದಲೇ ಹುಟ್ಟಿತು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಅವರ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಮಕ್ಕಳನ್ನು ಒಟ್ಟೊಟ್ಟಿಗೆ ಮಲಗಿಸುತ್ತಿದ್ದರು, ಸೋಂಕು ಹಬ್ಬುತ್ತಿತ್ತು. ಅವರು ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿದರು. ನೀವು ಆಸ್ಪತ್ರೆಯಲ್ಲಿ ಕೇಳಿರುವ ಕಾಂಗರೂ ಆರೈಕೆ ಅದೇ. ಮರುವರ್ಷ ಎಸ್ಟೋನಿಯಾದ ಟಾಲಿನ್‌ನಲ್ಲಿ ಡಾ. ಆದಿಕ್ ಲೆವಿನ್ ನರ್ಸ್‌ಗಳು ಸಾಲದೆ ತಾಯಂದಿರನ್ನೇ ಒಳಗೆ ಕರೆದುಕೊಂಡರು. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆಯಿತು. ನಮ್ಮ ದೇಶದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಸೇರಿತ್ತು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಮಕ್ಕಳಲ್ಲಿ ಸಾವು ಶೇ 12, ಮಗು ಸುಧಾರಿಸಿದ ಮೇಲೆ ಶುರು ಮಾಡಿದವರಲ್ಲಿ ಶೇ 15.7. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನು ಹಳ್ಳಿ ಮನೆಗಳವರೆಗೆ ಒಯ್ಯುವ ಕೆಲಸ ನಡೆದಿದೆ.

ಮಗು ತಾಯಿಯ ಎದೆ ಮೇಲಿದ್ದರೆ ಬೇರೆ ಮಗುವನ್ನು ಮುಟ್ಟಿದ ಕೈ ಅದಕ್ಕೆ ತಾಗುವುದು ಕಡಿಮೆ. ಹಾಲು ಕುಡಿಸಲು, ಬಟ್ಟೆ ಬದಲಿಸಲು ತಾಯಿ ಇದ್ದಾಳೆ. ಸಿಸ್ಟರ್‌ಗೆ ವೆಂಟಿಲೇಟರ್ ಮಗುವಿನ ಹತ್ತಿರ ನಿಲ್ಲಲು ಹೊತ್ತು ಸಿಗುತ್ತದೆ. ಆದರೆ ಇಲ್ಲಿ ನನ್ನದೊಂದು ತಕರಾರು. ತಾಯಿಗೆ ಮಲಗಲು ಮಂಚ, ಕುರ್ಚಿ, ಊಟ ಕೊಟ್ಟು ಒಳಗೆ ಕರೆಯಿರಿ. ಹೊಲಿಗೆ ಹಾಕಿಸಿಕೊಂಡ ಬಾಣಂತಿಯನ್ನು ಹಗಲೂ ರಾತ್ರಿ ಸ್ಟೂಲಿನ ಮೇಲೆ ಕೂರಿಸಿ, ನರ್ಸ್ ಹುದ್ದೆ ಭರ್ತಿ ಮಾಡದೆ ಕಳೆಯುವುದಕ್ಕೆ ಇದನ್ನು ನೆಪ ಮಾಡಬೇಡಿ.

ನಿಮಗೆ ಈ ಆಸ್ಪತ್ರೆಯ ಬಗ್ಗೆ ಬರೆದು ಕೊಡುವ ಮನಸ್ಸಿದ್ದರೆ, 'ಸಿಸ್ಟರ್ ಸರಿಯಿಲ್ಲ' ಎಂದು ಬರೆಯಬೇಡಿ. ನಿಮ್ಮ ಪ್ರಶ್ನೆಯಲ್ಲಿ ಬರೆದಂತೆಯೇ ಬರೆಯಿರಿ: ಇಂಥ ತಾರೀಖು, ರಾತ್ರಿ, ಇಷ್ಟು ಮಕ್ಕಳು, ಇಷ್ಟು ಸಿಸ್ಟರ್. ಅದನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡಿ. ಮೊದಲು ಹೇಳಿದ ರಿಪೋರ್ಟಿನಲ್ಲಿ ಕಾಣದಿರುವುದು ಇದೇ ಅಂಕಿ. ಒಳಗಿನ ಸಿಸ್ಟರ್‌ಗಳು ಬರೆದರೆ ದೂರು ಅನ್ನಿಸಿಕೊಳ್ಳುತ್ತದೆ. ನೀವು ಬರೆದರೆ ಓದುತ್ತಾರೆ.

ಕೊನೆಗೆ ಒಂದು ವಿಷಯ. ನಿಮ್ಮ ಪತ್ರದಲ್ಲಿ ಕಣ್ಣಿನ ಪರೀಕ್ಷೆಯ ಸುದ್ದಿಯೇ ಇಲ್ಲ. ಆಕ್ಸಿಜನ್ ಕಡಿಮೆಯಾದರೆ ಮಾನಿಟರ್ ಕೂಗುತ್ತದೆ, ಎಲ್ಲರೂ ಓಡುತ್ತಾರೆ. ಜಾಸ್ತಿಯಾದಾಗ ಯಾರಾದರೂ ಬಂದು ಕೈಯಾರೆ ಇಳಿಸಬೇಕು, ತುಂಬಿದ ರಾತ್ರಿಗಳಲ್ಲಿ ಅದು ತಡವಾಗುತ್ತದೆ. ಜಾಸ್ತಿ ಆಕ್ಸಿಜನ್ ದಿನ ತುಂಬದ ಮಗುವಿನ ಕಣ್ಣಿನ ಹಿಂದಿನ ಪರದೆಗೆ ಪೆಟ್ಟು ಕೊಡಬಹುದು. ಇದನ್ನು ಆರ್‌ಒಪಿ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎರಡು ಕೆಜಿಗಿಂತ ಕಡಿಮೆ ತೂಕದ ಅಥವಾ 34 ವಾರದ ಒಳಗೆ ಹುಟ್ಟಿದ ಎಲ್ಲ ಮಕ್ಕಳಿಗೂ ಹುಟ್ಟಿದ ಮೂವತ್ತು ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು, ಕಣ್ಣಿನ ಡಾಕ್ಟರು ಸಾಕು ಅನ್ನುವವರೆಗೂ ಮತ್ತೆ ಮತ್ತೆ ತೋರಿಸಬೇಕು. ಕರ್ನಾಟಕದಲ್ಲಿ ನಾರಾಯಣ ನೇತ್ರಾಲಯದವರು 2008ರಿಂದ ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಬಂದು ಈ ಪರೀಕ್ಷೆ ಮಾಡುತ್ತಿದ್ದಾರೆ. ನಿಮ್ಮ ಮಗಳಿಗೆ ಈಗ 46 ದಿನ. ಡಿಸ್ಚಾರ್ಜ್ ಕಾರ್ಡ್ ತೆಗೆದು ಆರ್‌ಒಪಿ ಎಂಬಲ್ಲಿ ತಾರೀಖು ಬರೆದಿದ್ದಾರಾ ನೋಡಿ. ಬರೆದಿದ್ದರೆ ಮುಂದಿನ ತಾರೀಖು ತಪ್ಪಿಸಬೇಡಿ. ಆ ಜಾಗ ಖಾಲಿ ಇದ್ದರೆ ನಾಳೆ ಬೆಳಿಗ್ಗೆಯೇ ಮಗುವನ್ನು ಎತ್ತಿಕೊಂಡು ಹೊರಡಿ.